ನಾಯಿ ಯಾಕೆ ಸಾಯಬೇಕಿತ್ತು?

ಕಳೆದ ರಜೆಗೆ ಬಂದಿದ್ದ ಅಣ್ಣನ ಮಗಳು ಮೂರು ಇಂಗ್ಲಿಷ್ ಕಾದಂಬರಿಗಳನ್ನು ನನ್ನ ಮಂಚದ ಮೇಲಿಟ್ಟು, "ಅತ್ತೆ, ಓದಿ. ಆಮೇಲೆ ಜಗಳ ಆಡೋಣ" ಎಂದಳು. ಮೂರೂ ಹದಿಹರೆಯದವರಿಗಾಗಿ ಬರೆದವು, ಮೂರರಲ್ಲೂ ಸಲಿಂಗಪ್ರೇಮದ ವಿಷಯ. ಆ ವಯಸ್ಸಿನಲ್ಲಿ ತ್ರಿವೇಣಿಯವರನ್ನೇ ದಿಂಬಿನಡಿ ಬಚ್ಚಿಟ್ಟು ಓದಿದವಳು ನಾನು. ಅಂಜುತ್ತಲೇ ತೆರೆದೆ.

ಮೊದಲನೆಯದು ಅಮೆರಿಕದ ಜಾನ್ ಡೊನೊವನ್ 1969ರಲ್ಲಿ ಬರೆದದ್ದು. ಹದಿಹರೆಯದವರ ಕಾದಂಬರಿಗೆ ಈ ವಿಷಯ ಬಂದದ್ದು ಅದರಿಂದಲೇ ಎನ್ನುತ್ತಾರೆ. ಅಜ್ಜಿಯನ್ನು ಕಳೆದುಕೊಂಡ ಡೇವಿ ಎಂಬ ಹುಡುಗನಿಗೆ ಫ್ರೆಡ್ ಎಂಬ ನಾಯಿಯೇ ಜೀವ. ಗೆಳೆಯನೊಬ್ಬನಿಗೂ ಅವನಿಗೂ ಮುತ್ತಿನಷ್ಟು ಸಲುಗೆ ಬೆಳೆಯುತ್ತದೆ. ಅಷ್ಟರಲ್ಲಿ ಫ್ರೆಡ್ ಕಾರಿಗೆ ಸಿಕ್ಕಿ ಸಾಯುತ್ತದೆ. ತಾನು ಮಾಡಿದ್ದಕ್ಕೇ ಹೀಗಾಯಿತೆಂದು ಡೇವಿ ನಂಬುತ್ತಾನೆ. ಲೇಖಕರು ಹಾಗೆ ಹೇಳುವುದಿಲ್ಲ, ಸರಿ. ಆದರೆ ನಾಯಿಯನ್ನು ಆ ಹೊತ್ತಿಗೇ ಕೊಂದವರು ಅವರೇ ತಾನೆ? ಕೊಟ್ಟಿಗೆಯ ಹಸು ಸತ್ತರೆ ಹೊಸ ಸೊಸೆಯ ಕಾಲ್ಗುಣ ಎನ್ನುವ ನಮಗೆ ಈ ಲೆಕ್ಕ ಹೊಸದೇನಲ್ಲ.

ನ್ಯಾನ್ಸಿ ಗಾರ್ಡನ್ ಅವರ 'ಆನಿ ಆನ್ ಮೈ ಮೈಂಡ್' (1982) ನನಗೆ ಹೆಚ್ಚು ಹಿಡಿಸಿತು. ಲೀಸಾ ಎಂಬ ಹುಡುಗಿ ಅಪ್ಪನ ವಿಶ್ವಕೋಶದಲ್ಲಿ ತನ್ನಂಥವರ ಬಗ್ಗೆ ಹುಡುಕುತ್ತಾಳೆ. ಉದ್ದದ ಲೇಖನವೇನೋ ಸಿಗುತ್ತದೆ, ಅದರಲ್ಲಿ 'ಪ್ರೀತಿ' ಎಂಬ ಮಾತೇ ಇಲ್ಲ! ರಜೆಯಲ್ಲಿ ಇಬ್ಬರು ಟೀಚರುಗಳ ಮನೆಯ ಬೆಕ್ಕುಗಳಿಗೆ ಊಟ ಹಾಕಲು ಹೋದ ಲೀಸಾ ಮತ್ತು ಆನಿ, ಅಲ್ಲಿನ ಕಪಾಟಿನ ಪುಸ್ತಕಗಳನ್ನು ಕಂಡು ಆ ಟೀಚರುಗಳೂ ತಮ್ಮಂತೆಯೇ ಎಂದು ತಿಳಿಯುತ್ತಾರೆ. ಕೊನೆಗೆ ಸಿಕ್ಕಿಬೀಳುವವರು ಹುಡುಗಿಯರು, ಕೆಲಸ ಹೋಗುವುದು ಟೀಚರುಗಳದ್ದು. ದಂಡ ಇಲ್ಲೂ ತಪ್ಪಲಿಲ್ಲ. ಆದರೂ ಹುಡುಗಿಯರು ಒಬ್ಬರಿಗೊಬ್ಬರು ಉಳಿಯುತ್ತಾರೆ. ಅದು ಸಹಿಸದೆಯೋ ಏನೋ, 1993ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಈ ಪುಸ್ತಕವನ್ನು ಸುಟ್ಟರು. ಶಾಲೆಯ ಗ್ರಂಥಾಲಯಕ್ಕೆ ಅದನ್ನು ಮರಳಿಸಲು 1995ರಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು.

ಮೂರನೆಯದು ನಮ್ಮ ದೇಶದ್ದೇ. ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' (2014). ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆ ಸೇರಿದ ಮುಸ್ಕಾನಳ ಕಥೆಯನ್ನು ಮೂವರು ಸಹಪಾಠಿಗಳು ಹೇಳುತ್ತಾರೆ. ಅವಳಿಗೇ ಒಂದು ಅಧ್ಯಾಯವಿಲ್ಲ. ಇದೆಂಥ ಅನ್ಯಾಯ ಎಂದು ಸೊಸೆಯ ಜೊತೆ ವಾದಕ್ಕಿಳಿದೆ. "ಅತ್ತೆ, ಸುತ್ತಲಿನವರು ಏನು ಮಾಡಿದರು ಅನ್ನೋದೇ ಆ ಕಥೆ" ಎಂದಳವಳು.

ಬಾಯಿ ಕಟ್ಟಿತು. 'ಆನಿ' ಅಚ್ಚಾದ ವರ್ಷವೇ ನಾನು ಪಿಯುಸಿ ಹಾಸ್ಟೆಲಿನಲ್ಲಿದ್ದೆ. ಸದಾ ಜೊತೆಗಿರುತ್ತಿದ್ದ ಇಬ್ಬರ ಹಾಸಿಗೆಗಳನ್ನು ವಾರ್ಡನ್ ಬೇರೆ ಬೇರೆ ಕೋಣೆಗೆ ಹಾಕಿಸಿದಾಗ ಬಾಗಿಲಲ್ಲಿ ನಿಂತು ನಕ್ಕವರಲ್ಲಿ ನಾನೂ ಒಬ್ಬಳು. ಒಬ್ಬಳು ಟ್ರಂಕು ಎಳೆಯುತ್ತ ನನ್ನನ್ನೇ ನೋಡಿದ್ದಳು. ಈ ಪುಸ್ತಕದ ಮೂವರಿಗೆ ಅಧ್ಯಾಯ ಕೊಟ್ಟದ್ದು ಸರಿಯೇ. ಆದರೂ ಮುಸ್ಕಾನಳಿಗೆ ನಾಲ್ಕನೆಯದೊಂದು ಬೇಕಿತ್ತು ಎಂಬ ನನ್ನ ಜಗಳ ಬಿಟ್ಟಿಲ್ಲ.

"ಆ ಇಬ್ಬರು ಈಗ ಎಲ್ಲಿದ್ದಾರೆ?" ಎಂದು ಕೇಳಿದಳು ಹುಡುಗಿ.

ನಲವತ್ತು ವರ್ಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ.