ಎರಡನೇ ಮಾರ್ದನಿ

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಮೈಸೂರಿನವರಿಗೆ ಬಾಯಿಪಾಠ. 124.80 ಅಡಿ ಎಂದರೆ ಭರ್ತಿ. ಆದರೆ ಅದು ಅಣೆಕಟ್ಟೆಯ ಲೆಕ್ಕ. ಅನುಮತಿ ಪಡೆದು ಹಿನ್ನೀರಿನ ಅಂಚಿನಲ್ಲಿ ದೋಣಿ ನಡೆಸುವವರ ಕೆಳಗೆ ಮುಳುಗಿದ ಹೊಲ, ಬದು, ಬಂಡೆಗಳಿವೆ, ಮೇಲೆ ಹೂಳು ಕೂತಿದೆ. ಅಲ್ಲಿನ ಆಳ ತಿಳಿಯಲು ಸದ್ದು ಕಳಿಸಿ ಅದರ ಮಾರ್ದನಿ ಕೇಳುವ ಸೋನಾರ್ ಬೇಕು. ಆ ಸೋನಾರ್ ಎಡವುವುದೂ ಇಂಥ ತೆಳು ನೀರಿನಲ್ಲೇ.

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಒಂದು ಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಒಂದೂವರೆ ಮಿಲಿಸೆಕೆಂಡೂ ಬೇಡ. ಹೊಡೆದ ಗಂಟೆಯ ಹಾಗೆ, ಸೋನಾರಿನಲ್ಲಿ ಸದ್ದು ಹೊರಡಿಸುವ ಭಾಗವಾದ ಟ್ರಾನ್ಸ್‌ಡ್ಯೂಸರ್ ಸದ್ದು ಕಳಿಸಿದ ಮೇಲೂ ತುಸು ಹೊತ್ತು ಅದುರುತ್ತಿರುತ್ತದೆ. ಆ ಅದುರಿನಲ್ಲಿ ತಳದ ಮೊದಲ ಮಾರ್ದನಿ ಮುಳುಗಿಹೋಗಬಹುದು. ತಳದಿಂದ ಮೇಲ್ಮೈಗೆ ತಾಗಿ, ಮತ್ತೆ ತಳ ಮುಟ್ಟಿ ಬರುವ ಎರಡನೆಯದನ್ನೇ ಯಂತ್ರ ತಳವೆಂದು ಹಿಡಿದರೆ, ಒಂದೂವರೆ ಅಡಿ ನೀರು ಮೂರು ಅಡಿಯಾಗಿ ಕಾಣುತ್ತದೆ. ಮೋಟಾರಿನ ರೆಕ್ಕೆ ಮುರಿಯಲು ಅಷ್ಟು ಸಾಕು.

ಹಾಗೆಂದು ಯಂತ್ರದ ಸಂವೇದನೆಯನ್ನು ಪೂರ್ತಿ ತಗ್ಗಿಸಿ, ಆ ಎರಡನೇ ಮಾರ್ದನಿ ಪರದೆಯ ಮೇಲೆ ಮೂಡಿಸುವ ಎರಡನೇ ಗೆರೆಯನ್ನು ಅಳಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೆಳು ನೀರಿನಲ್ಲಿ ಯಂತ್ರ ಕೊಡುವ ಅತ್ಯುತ್ತಮ ಸುದ್ದಿ ಅದೇ. ಬಂಡೆ ಸದ್ದನ್ನು ಬಲವಾಗಿ ಹಿಂದಿರುಗಿಸುತ್ತದೆ. ಎರಡನೇ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಮೆತ್ತನೆಯ ಹೂಳು ಸದ್ದನ್ನು ಹೀರುತ್ತದೆ. ಗೆರೆ ಮಸುಕಾಗಿ ಮಾಯವಾಗುತ್ತದೆ. ಆಳ ಒಂದು ಮೀಟರ್ ದಾಟಿದ ಕಡೆ, ಗಟ್ಟಿ ತಳದ ಮೇಲೆ ಈ ಗೆರೆ ತುಸುವೇ ಕಾಣುವಷ್ಟಕ್ಕೆ ಸಂವೇದನೆಯನ್ನು ಹೊಂದಿಸಿ, ದೋಣಿಯನ್ನು ನಿಧಾನಕ್ಕೆ ಬಿಡಿ. ಗೆರೆ ಕಾಣೆಯಾದ ಜಾಗವೇ ಬದು ಮುಗಿದು ಹೂಳು ಶುರುವಾದ ಜಾಗ. ಆಳದ ಅಂಕಿ ಎರಡು ಕಡೆಯೂ ಒಂದೇ ಇರಬಹುದು. ನಾನು ಮೊದಲು ನೋಡುವುದು ಗೆರೆಯನ್ನು.

ಇನ್ನೊಂದು ಮಿತಿಯಿದೆ. 20 ಡಿಗ್ರಿಯ ಸದ್ದಿನ ಶಂಕು ಎರಡು ಮೀಟರ್ ಆಳದಲ್ಲಿ ತಳದ ಮೇಲೆ ಆವರಿಸುವುದು 70 ಸೆಂಟಿಮೀಟರ್ ಅಗಲ ಮಾತ್ರ. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಒಣಮರಗಳು ಇಂದಿಗೂ ನಿಂತಿವೆ. ಅಂಥ ಬೊಡ್ಡೆಯೊಂದು ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ದೋಣಿಯ ಮುಂದೆ ಇದ್ದರೆ, ಕೆಳಗಷ್ಟೇ ನೋಡುವ ಸೋನಾರ್ ಅದನ್ನು ತೋರಿಸುವುದು ದೋಣಿ ತಾಗಿದ ಮೇಲೆಯೇ.

ಆದ್ದರಿಂದ ಹರಿಗೋಲಿನವರ ಬಿದಿರುಗಳ ಜೊತೆಗಿರಲಿ. ಅದಕ್ಕೆ ಅಡಿಗೊಂದು ಬಣ್ಣದ ಪಟ್ಟೆ ಬಳಿಯಿರಿ. ದಡ ಬಿಟ್ಟ ಕೂಡಲೇ ಗಟ್ಟಿ ನೆಲದ ಮೇಲೆ ಗಳ ಊರಿ, ಅಳತೆಯನ್ನು ಪರದೆಯ ಅಂಕಿಯೊಡನೆ ತಾಳೆ ನೋಡಿ. ಯಂತ್ರ ಅಳೆಯುವುದು ಟ್ರಾನ್ಸ್‌ಡ್ಯೂಸರ್ ಇರುವಲ್ಲಿಂದ; ಅದು ನೀರಿನೊಳಗೆ ಅರ್ಧ ಅಡಿ ಕೆಳಗಿದ್ದರೆ ಆ ಅರ್ಧ ಅಡಿಯನ್ನು ಸೆಟ್ಟಿಂಗಿನಲ್ಲಿ ಕೂಡಿಸಿ. ಅಂಕಿ ಗಳದ ಅಳತೆಯ ಎರಡರಷ್ಟಿದ್ದರೆ ಮೋಟಾರನ್ನು ಮೇಲೆತ್ತಿ, ಗಳ ಒತ್ತಿಕೊಂಡೇ ಮುಂದೆ ಸಾಗಿ.