ಸಂಘಕ್ಕೊಂದು ಹೆಸರು

ನಮ್ಮ ಕಡೆ ಕೂಸಿಗೆ ಹೆಸರಿಡುವವರು ಹೆಂಗಸರು. ಸೋದರತ್ತೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ‘ಕುರ್ರ್’ ಎನ್ನುತ್ತಾಳೆ, ಹೆಸರು ಹೇಳುತ್ತಾಳೆ, ಸುತ್ತಲಿದ್ದವರಿಂದ ಬೆನ್ನಿಗೆ ನಾಲ್ಕು ಗುದ್ದು ತಿನ್ನುತ್ತಾಳೆ. ಅದೇ ಊರಿನಲ್ಲಿ ಒಂದು ಸಂಘ ಹುಟ್ಟಿದರೆ ಮಾತ್ರ ಅದರ ಹೆಸರನ್ನು ನಾವು ಕರಪತ್ರ ನೋಡಿ ತಿಳಿಯಬೇಕು. ನವಲಗುಂದ ಸೀಮೆಯ ನಾವು ಹತ್ತಾರು ಹೆಂಗಸರು ತಿಂಗಳಿಗೊಮ್ಮೆ ಕೂಡಿ ಒಂದು ಪುಸ್ತಕ ಓದಿ ಚರ್ಚಿಸಬೇಕೆಂದು ಗೊತ್ತುಮಾಡಿದಾಗ, ಪುಸ್ತಕ ಆರಿಸುವುದಕ್ಕಿಂತ ಹೆಸರು ಆರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆ ನೆವದಿಂದ ನಮ್ಮ ನಾಡಿನ ಹಳೆಯ ಸಂಘಗಳ ಹೆಸರುಗಳನ್ನೇ ಒಂದಿಷ್ಟು ಒರೆಗೆ ಹಚ್ಚಿ ನೋಡಿದೆ.

ಮೊದಲು ಧಾರವಾಡದ್ದೇ. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಹುಟ್ಟಿದ್ದು ಕರ್ನಾಟಕ ವಿದ್ಯಾವರ್ಧಕ ಸಂಘ. ಮುಂಬಯಿ ಪ್ರಾಂತದ ಈ ಭಾಗದಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲ. ಕರ್ನಾಟಕ ಎಂಬ ರಾಜ್ಯವಿರಲಿಲ್ಲ, ಆದರೆ ಹೆಸರಿನ ಮೊದಲ ಶಬ್ದವೇ ಕರ್ನಾಟಕ. ಎರಡನೆಯ ಶಬ್ದ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ‘ವಿದ್ವತ್ ಸಂಘ’ ಎಂದಿದ್ದರೆ ವಿದ್ವಾಂಸರಷ್ಟೇ ಒಳಗೆ ಬರುತ್ತಿದ್ದರು. ‘ವಿದ್ಯಾವರ್ಧಕ’ ಎಂದರೆ ವಿದ್ಯೆ ಬೆಳೆಯಲೆಂದು ಬಯಸುವ ಯಾರೂ ಬರಬಹುದು. ಶಬ್ದ ಸಂಸ್ಕೃತದ್ದಾದರೂ ಬಾಗಿಲು ಅಗಲವಾಗಿದೆ.

1922ರಲ್ಲಿ ಅದೇ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ್ದು ‘ಗೆಳೆಯರ ಗುಂಪು’. ಎರಡೂ ಅಚ್ಚಗನ್ನಡ ಶಬ್ದಗಳು. ಅಧ್ಯಕ್ಷ, ಕಾರ್ಯದರ್ಶಿಗಳ ವಾಸನೆಯಿಲ್ಲ. ತಾವು ಏನು ಮಾಡುತ್ತೇವೆಂದು ಈ ಹೆಸರು ಹೇಳುವುದಿಲ್ಲ, ಒಬ್ಬರಿಗೊಬ್ಬರು ಏನಾಗಬೇಕೆಂಬುದನ್ನು ಹೇಳುತ್ತದೆ. ಇಷ್ಟು ಚೆಂದದ ಹೆಸರು ಕನ್ನಡದಲ್ಲಿ ಮತ್ತೊಂದು ಸಿಗುವುದು ಕಷ್ಟ. ಆದರೆ ಶಾಲೆಯಲ್ಲಿ ಲಿಂಗ-ವಚನ ಕಲಿಸುವವಳಿಗೆ ಒಂದು ಸಣ್ಣ ಕಲ್ಲು ಹಲ್ಲಿಗೆ ಸಿಕ್ಕೇ ಸಿಗುತ್ತದೆ. ಗೆಳೆಯ ಪುಲ್ಲಿಂಗ, ಗೆಳತಿ ಸ್ತ್ರೀಲಿಂಗ. ಆ ಗುಂಪಿನೊಡನೆ ನಾವು ಪಾಠದಲ್ಲಿ ಹೇಳಿಕೊಡುವ ಹೆಸರುಗಳು ಶಂಬಾ ಜೋಶಿ, ಗೋಕಾಕ, ಬೆಟಗೇರಿ ಕೃಷ್ಣಶರ್ಮ, ಮುಗಳಿ. ಎಲ್ಲರೂ ಗೆಳೆಯರೇ.

ಹೆಸರು ಬದಲಾದದ್ದೂ ಉಂಟು. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಅದು ಕರ್ಣಾಟಕ ಸಾಹಿತ್ಯ ಪರಿಷತ್ತು. 1930ರ ದಶಕದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಾಯಿತು. ನಾಡಿನ ಹೆಸರು ಬಿಟ್ಟು ನುಡಿಯ ಹೆಸರು ಹಿಡಿದದ್ದು ಸರಿಯಾದ ತಿದ್ದುಪಡಿ. ಯಾವ ಪ್ರಾಂತದಲ್ಲಿದ್ದರೂ ಕನ್ನಡ ಆಡುವವನು ಅದರೊಳಗೆ ಸೇರುತ್ತಾನೆ. ‘ಆಡುವವಳು’ ಸೇರಿದಳೆ? 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆಯವರು ಸಮ್ಮೇಳನಾಧ್ಯಕ್ಷರಾದರು. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. 2024ರ ಮಂಡ್ಯದ ಸಮ್ಮೇಳನದವರೆಗೆ 87 ಸಮ್ಮೇಳನಗಳಲ್ಲಿ ಇವರು ನಾಲ್ವರೇ. ಹೆಸರು ಎಲ್ಲರನ್ನೂ ಕರೆದರೆ ಸಾಲದು, ಕುರ್ಚಿಯೂ ಕರೆಯಬೇಕು.

ಹಾಗಾದರೆ ಹೆಂಗಸರೇ ಇಟ್ಟ ಹೆಸರುಗಳು ಹೇಗಿವೆ? ನಂಜನಗೂಡು ತಿರುಮಲಾಂಬ ಕಳೆದ ಶತಮಾನದ ಎರಡನೆಯ ದಶಕದಲ್ಲಿ ತಮ್ಮ ಗ್ರಂಥಮಾಲೆಗೆ ‘ಸತೀ ಹಿತೈಷಿಣಿ’ ಎಂದು ಹೆಸರಿಟ್ಟರು. ಇಂದು ಆ ಹೆಸರು ಕೇಳಿದರೆ ನಮ್ಮ ಹುಡುಗಿಯರು ಮುಖ ತಿರುವುತ್ತಾರೆ. ಆದರೆ ಒಂದು ಮಾತು ನೆನಪಿಡಬೇಕು. ಆಕೆ ಬಾಲವಿಧವೆ. ಬಾಲವಿಧವೆಯೊಬ್ಬಳು ಬರೆದು, ತಾನೇ ಪ್ರಕಟಿಸಿದ ಪುಸ್ತಕ ಅಂದಿನ ಮನೆಗಳ ಹೊಸ್ತಿಲು ದಾಟಿ ಒಳಕೋಣೆಗೆ ಹೋಗಬೇಕಾದರೆ ಅದರ ಮೇಲೆ ಇಂಥ ಮುದ್ರೆ ಬೇಕಿತ್ತೇನೋ. ಆ ಹೆಸರಿನಲ್ಲಿ ನನಗೆ ಕಾಣುವುದು ಒಂದು ರಹದಾರಿ. ಅಂದು ಅದು ಬಾಗಿಲು ತೆರೆಯಿತು. ಇಂದು ನಾವು ಅದೇ ಹೆಸರು ಇಟ್ಟುಕೊಂಡರೆ ಬಾಗಿಲು ಹಾಕಿದಂತೆ.

ನಮ್ಮ ಬೈಠಕಿನಲ್ಲಿ ಬಂದ ಹೆಸರುಗಳಲ್ಲಿ ಮೊದಲನೆಯದು ‘ಸುಮಂಗಲಾ’. ಬಹಳ ಜನ ಒಪ್ಪಿದರು. ಮೂಲೆಯಲ್ಲಿ ಕುಳಿತ ಒಬ್ಬಾಕೆ ಮಾತ್ರ ನೆಲ ನೋಡುತ್ತಿದ್ದಳು. ಅರಿಷಿಣ-ಕುಂಕುಮಕ್ಕೆ ಕರೆಯುವಾಗ ಅವಳ ಮನೆ ಬಿಟ್ಟು ಮುಂದಿನ ಮನೆಗೆ ಹೋಗುವುದು ನಮ್ಮ ಓಣಿಯ ರೂಢಿ. ಪುಸ್ತಕಕ್ಕೂ ಆ ರೂಢಿ ಹಚ್ಚಬೇಕೆ ಎಂದು ಕೇಳಿದೆ. ಹೆಸರು ಬಿದ್ದುಹೋಯಿತು.

‘ಚಿಂತನ’ ಎಂದರು. “ಚಿಂತನ ಅಂದ್ರ ನನಗ ಚಿಂತಿನ ನೆನಪಾಗ್ತೈತ್ರೀ ಬಾಯಾರ” ಎಂದಳು ಏಳನೆಯತ್ತೆಗೆ ಶಾಲೆ ಬಿಟ್ಟ ಒಬ್ಬ ಸೊಸೆ. ಎಲ್ಲರೂ ನಕ್ಕರು. ನನಗೆ ಮಾತ್ರ ಅದೊಂದು ಪೂರ್ತಿ ವಿಮರ್ಶೆ ಎನಿಸಿತು. ‘ಹರಟೆಕಟ್ಟೆ’ಯನ್ನೂ ಬಿಟ್ಟೆವು. ನಮ್ಮೂರ ಕಟ್ಟೆಯ ಮೇಲೆ ಹೆಂಗಸರು ಕುಳಿತದ್ದನ್ನು ಯಾರು ಕಂಡಿದ್ದಾರೆ? ‘ಅನುಭವ ಮಂಟಪ’ ಬಹಳ ಎತ್ತರದ್ದು, ಕೈ ಮುಗಿದು ಕೆಳಗಿಟ್ಟೆವು. ‘ಮಹಿಳಾ ಮಂಡಳ’ ಎಂದರೆ ಹೊಲಿಗೆ, ಹಪ್ಪಳ, ಉಪ್ಪಿನಕಾಯಿ ಎಂದು ಊರಿಗೆ ಊರೇ ತಿಳಿದಿದೆ.

ಒಬ್ಬರು ‘ಜಮಖಾನೆ’ ಎಂದಾಗ ಎಲ್ಲರ ಮುಖ ಅರಳಿತು. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನೇಯುವವರು ಹೆಂಗಸರು. ಕೂಡುವುದಕ್ಕೆ ಹಾಸುವುದೂ ಅದನ್ನೇ. ಇದಕ್ಕಿಂತ ಒಪ್ಪುವ ಹೆಸರು ಉಂಟೆ? ಆದರೆ ಮಗ್ಗದ ಮುಂದೆ ಕುಳಿತ ಮುಸಲ್ಮಾನ ಮನೆಗಳ ಆ ತಾಯಂದಿರಲ್ಲಿ ಒಬ್ಬರೂ ನಮ್ಮ ನಡುವೆ ಇರಲಿಲ್ಲ. ಅವರ ಕಸುಬನ್ನು ಹೆಸರಾಗಿ ಹಾಸಿಕೊಂಡು ಅವರನ್ನು ಹೊರಗೆ ಬಿಟ್ಟು ಕೂಡುವುದು ಯಾವ ಚೆಂದ? ಮೊದಲು ಅವರನ್ನು ಕರೆಯೋಣ, ಹೆಸರಿನ ಮಾತು ಆಮೇಲೆ ಅವರೇ ಎತ್ತಲಿ ಎಂದೆ.

ಕಡೆಗೆ ಎರಡು ಪ್ರಶ್ನೆ ಇಟ್ಟುಕೊಂಡೆವು. ಮೂರು ಸಂಜೆಯ ಹೊತ್ತಿಗೆ ಚಪ್ಪಲಿ ಮೆಟ್ಟುವ ಸೊಸೆ “ಎಲ್ಲಿಗೆ?” ಎಂದರೆ ಆ ಹೆಸರನ್ನು ತಡವರಿಸದೆ ಹೇಳಬಲ್ಲಳೆ? ಅದನ್ನು ಕೇಳಿದ ಅತ್ತೆಗೆ ತಾನೂ ಹೋಗಬಹುದೆಂದು ಅನಿಸುತ್ತದೆಯೆ? ಈ ಎರಡಕ್ಕೂ ನಿಂತದ್ದು ‘ಕೂಡಿ ಓದು’. ಪಂಡಿತರಿಗೆ ಇದು ಹೆಸರೇ ಅಲ್ಲ, ಬರೀ ಕ್ರಿಯಾಪದ. ಇರಲಿ. ಕ್ರಿಯಾಪದಕ್ಕೆ ಒಂದು ಅನುಕೂಲವಿದೆ. ಓದುವುದನ್ನು ನಿಲ್ಲಿಸಿ ಬರೀ ಚಹಾ ಕುಡಿದು ಎದ್ದ ದಿನ ಹೆಸರೇ ನಮ್ಮನ್ನು ಬೈಯುತ್ತದೆ. 1956ರಲ್ಲಿ ಕೂಡಿದ ನಮ್ಮ ರಾಜ್ಯಕ್ಕೇ ಕರ್ನಾಟಕ ಎಂಬ ಹೆಸರು ಬರಲು 1973ರ ನವೆಂಬರದವರೆಗೆ ಹಾದಿ ನೋಡಬೇಕಾಯಿತು. ನಮ್ಮದು ಮೂರು ಬೈಠಕಿನಲ್ಲಿ ಮುಗಿದಿದೆ. ಮಗ್ಗದ ಮನೆಗಳ ನಾಲ್ವರು ಬರುತ್ತೇವೆ ಎಂದಿದ್ದಾರೆ. ಅವರಿಗೆ ಈ ಹೆಸರು ಸೇರದಿದ್ದರೆ ನಾಲ್ಕನೆಯ ಬೈಠಕು ಕೂಡಿಸಿದರಾಯಿತು.