ಕಳೆದುಹೋದ ಕೀರ್ತನಗ್ರಂಥ: ಸಂತ ಅಂತೋಣಿಯವರ ಹೆಸರಿನ ಪ್ರಾರ್ಥನಾ ಪುಸ್ತಿಕೆಗಳನ್ನು ಕುರಿತು

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಗೆ ಬರುವ ಭಕ್ತಾದಿಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯ ರೈತಾಪಿ ಜನರೂ ಇರುತ್ತಾರೆ, ಅವರೆಲ್ಲರೂ ಕ್ರೈಸ್ತರಲ್ಲ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಸಂತ ಅಂತೋಣಿಯವರ ಮರದ ಪ್ರತಿಮೆ ದೊರಕಿತೆಂಬ ಐತಿಹ್ಯದಿಂದ ಬೆಳೆದ ಈ ಕ್ಷೇತ್ರವು 2019ರಲ್ಲಿ ಬೆಸಿಲಿಕಾ ಎಂಬ ಗೌರವವನ್ನು ಪಡೆಯಿತು. ಇಂತಹ ಕ್ಷೇತ್ರಗಳಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ದೈವಶಾಸ್ತ್ರದ ಗ್ರಂಥವಲ್ಲ, ನವದಿನ ಪ್ರಾರ್ಥನೆಯ ಸಣ್ಣ ಪುಸ್ತಿಕೆ. ಬಹುಮಂದಿಗೆ ಪ್ರಾರ್ಥನೆಯನ್ನು ಕಲಿಸುವ ಪುಸ್ತಕ ಅದೊಂದೇ. ಆದರೂ ನಮ್ಮ ಗುರುಮಠಗಳಲ್ಲಿ ಅದನ್ನು ವಿಮರ್ಶೆಗೆ ಯೋಗ್ಯವೆಂದು ಪರಿಗಣಿಸುವ ವಾಡಿಕೆಯಿಲ್ಲ. ಈ ಬಗೆಯ ಪುಸ್ತಿಕೆಗಳನ್ನು ಸಂತರು ಸ್ವತಃ ಬರೆದ ಗ್ರಂಥದ ಪಕ್ಕದಲ್ಲಿಟ್ಟು ನೋಡಬೇಕೆಂಬುದು ನಮ್ಮ ಆಶಯ.

ಮೊದಲು ಅವುಗಳ ಗುಣವನ್ನು ಹೇಳಬೇಕು. ಬೇಡಿಕೆಯ ಪ್ರಾರ್ಥನೆಯನ್ನು ಕೀಳೆಂದು ಕಾಣುವ ಹಕ್ಕು ನಮಗಿಲ್ಲ. ಪ್ರಭು ಕಲಿಸಿದ ಜಪವೂ ಅನ್ನವನ್ನು ಬೇಡುತ್ತದೆ. ನವದಿನ ಪುಸ್ತಿಕೆಯ ಮಧ್ಯದಲ್ಲಿ ಭಕ್ತನು ತನ್ನ ಕೋರಿಕೆಯನ್ನು ಮೌನವಾಗಿ ಹೇಳಿಕೊಳ್ಳಲು ಬಿಡುವು ಇರುತ್ತದೆ. ನಮ್ಮ ದೃಷ್ಟಿಯಲ್ಲಿ ಪುಸ್ತಿಕೆಯ ಅತ್ಯುತ್ತಮ ಭಾಗ ಅದೇ. ಅಕ್ಷರ ಬಾರದ ತಾಯಿಯೂ ಅಲ್ಲಿ ತನ್ನದೇ ಮಾತಿನಲ್ಲಿ ದೇವರೊಡನೆ ಮಾತನಾಡಬಲ್ಲಳು.

ಕೊರತೆ ಕಾಣುವುದು ಆ ಮೌನದ ಹಿಂದುಮುಂದಿನ ಮಾತುಗಳಲ್ಲಿ. ಅಲ್ಲಿ ಬೇಡುವವನು ಹೆಚ್ಚಾಗಿ 'ನಾನು' ಮಾತ್ರ. ದೇವರು ದೂರದ ಅಧಿಕಾರಿಯಂತೆಯೂ ಸಂತರು ಶಿಫಾರಸು ಮಾಡುವವರಂತೆಯೂ ತೋರುತ್ತಾರೆ. ಕೋರಿಕೆ ಈಡೇರಿದವರಿಗೆ ಕೃತಜ್ಞತೆಯ ಪ್ರಾರ್ಥನೆಯುಂಟು. ಈಡೇರದವರಿಗೆ ಒಂದು ವಾಕ್ಯವೂ ಸಿಗುವುದು ಅಪರೂಪ. ಒಂಬತ್ತು ಮಂಗಳವಾರ ನಡೆದುಬಂದರೂ ಮಗುವನ್ನು ಕಳೆದುಕೊಂಡವಳು ಹತ್ತನೆಯ ಮಂಗಳವಾರ ಯಾವ ಪುಟವನ್ನು ತೆರೆಯಬೇಕು? ತನ್ನ ವಿಶ್ವಾಸವೇ ಸಾಲದಾಯಿತೆಂದು ಅವಳು ತಿಳಿದುಕೊಂಡರೆ, ಆ ತಪ್ಪಿನಲ್ಲಿ ಪುಸ್ತಿಕೆಗೂ ಪಾಲಿದೆ.

ಸಂತ ಅಂತೋಣಿಯವರು ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವವರೆಂಬ ಖ್ಯಾತಿಯ ಮೂಲವನ್ನು ಇಲ್ಲಿ ನೆನೆಯಬೇಕು. ಸಂಪ್ರದಾಯದ ಪ್ರಕಾರ, ಅವರು ಟಿಪ್ಪಣಿಗಳನ್ನು ಬರೆದಿಟ್ಟುಕೊಂಡಿದ್ದ ಕೀರ್ತನೆಗಳ ಪುಸ್ತಕವನ್ನು ಮಠ ತೊರೆದ ನವಶಿಷ್ಯನೊಬ್ಬನು ಒಯ್ದನು. ಅವರ ಪ್ರಾರ್ಥನೆಯ ಫಲವಾಗಿ ಅದು ಮರಳಿ ಬಂದಿತು. ಅವರು ಹುಡುಕಿದ್ದು ಪ್ರಾರ್ಥನೆಯ ಪುಸ್ತಕವನ್ನು. ಅದರಲ್ಲಿ ಸ್ತುತಿಯೊಂದಿಗೆ ಗೋಳಾಟವೂ ಇದೆ, ಉತ್ತರ ಸಿಗದೆ ಮುಗಿಯುವ ಮೊರೆಯೂ ಇದೆ. ಅವರ ಹೆಸರಿನ ಪುಸ್ತಿಕೆಗಳಿಂದ ಕಾಣೆಯಾಗಿರುವುದು ಅದೇ ಕೀರ್ತನಗ್ರಂಥ.

ಅವರ ಸ್ವಂತ ಕೃತಿಯಾದ 'ಪ್ರಬೋಧನೆಗಳು' ನಮ್ಮಲ್ಲಿ ಹೆಸರಿನಿಂದಷ್ಟೇ ಪರಿಚಿತ. 1946ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರೂ ಜನಮನದಲ್ಲಿ ಅವರು ಪವಾಡಪುರುಷರಾಗಿಯೇ ಉಳಿದಿದ್ದಾರೆ. ಈ ಕೃತಿ ಸುಲಭದ್ದಲ್ಲ. ಸಾಂಕೇತಿಕ ವ್ಯಾಖ್ಯಾನ, ಪದಗಳ ವ್ಯುತ್ಪತ್ತಿ, ಪ್ರಾಣಿಪಕ್ಷಿಗಳ ದೃಷ್ಟಾಂತ ಎಲ್ಲವೂ ಅಲ್ಲಿ ಒತ್ತೊತ್ತಾಗಿವೆ; ಅದನ್ನು ಹಾಗೆಯೇ ಭಕ್ತರ ಕೈಗಿಡಲಾಗದು. ಆದರೆ ಅದರ ವಿಭಾಗಗಳು ಮತ್ತೆ ಮತ್ತೆ ಪ್ರಾರ್ಥನೆಯಲ್ಲಿ ಮುಗಿಯುತ್ತವೆ, ಮತ್ತು ಆ ಪ್ರಾರ್ಥನೆಗಳಲ್ಲಿ ಬೇಡುವವರು 'ನಾವು'. ಬೋಧಿಸಿದವರೂ ಕೇಳಿದವರೂ ಒಟ್ಟಾಗಿ ಕೈಜೋಡಿಸುತ್ತಾರೆ. ಕೇಳಿದ ವಾಕ್ಯದಂತೆ ಬದುಕುವ ಬಲವನ್ನು ಬೇಡುತ್ತಾರೆ.

ಈ 'ನಾವು' ಬರಿಯ ವ್ಯಾಕರಣವಲ್ಲ. 1231ರ ಮಾರ್ಚ್ 15ರಂದು, ಸಂತರು ತೀರಿಕೊಳ್ಳುವ ಮೂರು ತಿಂಗಳ ಮುಂಚೆ, ಪಾದುವ ನಗರವು ಅವರ ಕೋರಿಕೆಯ ಮೇರೆಗೆ ಒಂದು ಶಾಸನವನ್ನು ಮಾಡಿತು: ಸಾಲಗಾರನು ತನ್ನ ಆಸ್ತಿಯನ್ನು ಒಪ್ಪಿಸಿದ ಮೇಲೆ ಅವನನ್ನಾಗಲಿ ಅವನಿಗೆ ಜಾಮೀನು ನಿಂತವನನ್ನಾಗಲಿ ಸೆರೆಯಲ್ಲಿಡಕೂಡದು. ಅವರ ಗೌರವಾರ್ಥ ಹದಿಮೂರನೆಯ ಶತಮಾನದಲ್ಲೇ ರಚಿತವಾಗಿ ಇಂದಿಗೂ ಹಾಡಲಾಗುವ ಪವಾಡಗಳ ಗೀತೆಯು ಸಂಕೋಲೆಗಳೂ ಕಳಚುತ್ತವೆ ಎನ್ನುತ್ತದೆ. ಆ ಮಾತನ್ನು ಈ ಶಾಸನದೊಡನೆ ಓದಿದಾಗ ಅದಕ್ಕೆ ಹೊಸ ತೂಕ ಬರುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ನಿಗೆ ಸೌದೆ ಹೊಂದಿಸಿ, ಹರಾಜಿನ ದರಕ್ಕಾಗಿ ಕಾಯುವ ರೈತನಿಗೆ ಸಾಲವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಅವನ ಕೈಯಲ್ಲಿರುವ ಪುಸ್ತಿಕೆ ಋಣಪರಿಹಾರವನ್ನು ಅವನೊಬ್ಬನ ವರವಾಗಿ ಬೇಡಲು ಕಲಿಸುತ್ತದೆ. ಸಂತರ ಬದುಕಾದರೋ ಅದನ್ನು ಊರಿನ ಹೊಣೆಯಾಗಿ ಕಂಡಿತು.

ಆದುದರಿಂದ ನವದಿನವನ್ನು ಕೈಬಿಡಬೇಕೆಂಬುದು ನಮ್ಮ ಸಲಹೆಯಲ್ಲ. ಅದರ ಪರಿಷ್ಕರಣೆಯು ಗುರು ಅಭ್ಯರ್ಥಿಗಳ ಪಾಠಕ್ಕೆ ಸೇರಬೇಕೆಂಬುದೇ ನಮ್ಮ ಕೋರಿಕೆ. ಪ್ರತಿ ಪುಸ್ತಿಕೆಯಲ್ಲೂ ಗೋಳಿನ ಕೀರ್ತನೆಯೊಂದಿರಲಿ. 'ನನಗೆ' ಎಂಬ ಬೇಡಿಕೆಯ ಬಳಿಕ ನೆರೆಯವನ ಹೆಸರೆತ್ತಿ ಬೇಡಲು ಒಂದು ಬಿಡುವಿರಲಿ. ಸಂತರ ಪ್ರಬೋಧನೆಗಳ ಸಮಾಪ್ತಿ ಪ್ರಾರ್ಥನೆಗಳಲ್ಲಿ ಕೆಲವಾದರೂ ನಮ್ಮ ಹಳ್ಳಿಗಳ ಕನ್ನಡಕ್ಕೆ ಬರಲಿ. ಸೋದರರಿಗೆ ದೈವಶಾಸ್ತ್ರವನ್ನು ಬೋಧಿಸಲು ಅಂತೋಣಿಯವರಿಗೆ ಅನುಮತಿಯಿತ್ತ ಸಂತ ಫ್ರಾನ್ಸಿಸರು, ಅಧ್ಯಯನವು ಪ್ರಾರ್ಥನೆಯ ಚೇತನವನ್ನು ನಂದಿಸಬಾರದೆಂಬ ಒಂದೇ ಷರತ್ತನ್ನು ಹಾಕಿದರು. ಆ ಷರತ್ತು ನಮಗೂ ಅನ್ವಯಿಸುತ್ತದೆ. ಜನರ ಪ್ರಾರ್ಥನೆಯನ್ನು ವಿಮರ್ಶಿಸುವವರು ಅವರೊಡನೆ ಮೊಣಕಾಲೂರಿದ ಮೇಲೆಯೇ ಲೇಖನಿಯನ್ನು ಹಿಡಿಯಬೇಕು.